ಬುಟ್ಟಿ ಎತ್ತಿ ಕೊಟ್ಟವರು ಯಾರು?

ಯಡ್ತರೆಯಿಂದ ಆಕಾಶಕ್ಕೆ

ವಿಮಾನದಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಅದನ್ನು ಪ್ರಕಾಶ ಮಾಷ್ಟ್ರಿಗೆ ಬಿಟ್ಟುಕೊಟ್ಟೆ. ಔದಾರ್ಯವೇನೂ ಅಲ್ಲ. ಕಿಟಕಿ ಒಡೆದರೆ ಮೊದಲು ಹೊರಗೆ ಹೋಗುವವರು ಅಲ್ಲಿ ಕುಳಿತವರು ಎಂಬ ಮುಂದಾಲೋಚನೆ ಅಷ್ಟೆ. ಮಾಷ್ಟ್ರು ಬ್ರಹ್ಮಾವರದ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುವವರು, ಎಲ್ಲಿ ಬೇಕಾದರೂ ನಿದ್ದೆ ಮಾಡಬಲ್ಲ ಪುಣ್ಯವಂತರು. ಬೆಲ್ಟು ಕಟ್ಟಿದ ಕೂಡಲೇ ಗೊರಕೆ ಶುರುವಾಯಿತು. ಅಲ್ಲಿಂದ ಮುಂದೆ ವಿಮಾನವನ್ನು ಆಕಾಶದಲ್ಲಿ ಹಿಡಿದುಕೊಂಡಿದ್ದವಳು ನಾನೊಬ್ಬಳೇ.

ನಾನು ಯಡ್ತರೆಯವಳು, ಅಂಗನವಾಡಿ ಮೇಲ್ವಿಚಾರಕಿ. ಬೈಂದೂರು, ವಂಡ್ಸೆ ಕಡೆಯ ಕೇಂದ್ರಗಳನ್ನು ಸುತ್ತುವುದು ನನ್ನ ಕೆಲಸ, ಚಿಂತೆ ಮಾಡುವುದು ಸ್ವಭಾವ. ಐವತ್ತೆರಡು ವರ್ಷಕ್ಕೆ ಎರಡೂ ಒಂದೇ ಆಗಿಬಿಟ್ಟಿವೆ. ಹೊರಡುವಾಗ ಯಜಮಾನರಿಗೆ ಗ್ಯಾಸು, ನೀರಿನ ಪಂಪು, ಬೆಕ್ಕು, ಬೀಗ ಎಂದು ಮೂರು ಪುಟದ ಚೀಟಿ ಬರೆದಿಟ್ಟಿದ್ದೆ. ಅವರು ಪೂರ್ತಿ ಓದಿ, "ಇದ್ರಲ್ ನಾ ಉಸ್ರ್ ಎಳುದ್ ಹ್ಯಾಂಗೆ ಅಂದ್ ಬರಿಲಿಲ್ಲೆ ಕಾಣ್" ಎಂದರು.

ಸ್ಕಾಟ್ಲೆಂಡಿನ ಒಂದು ಸಂಸ್ಥೆ ನಮ್ಮನ್ನು ಕರೆಸಿತ್ತು. ಕಷ್ಟದಲ್ಲಿರುವ ಮಕ್ಕಳ ಮನೆಬಾಗಿಲಿಗೆ ದಿನವೂ ಹೋಗುವ ನರ್ಸು, ಶಿಕ್ಷಕಿ, ಕಾರ್ಯಕರ್ತೆಯರನ್ನು ಬೇರೆ ಬೇರೆ ದೇಶಗಳಿಂದ ಹುಡುಕಿ, ನಿಮ್ಮ ತಲೆಯಲ್ಲಿ ಹೊಸದೇನಾದರೂ ಯೋಚನೆ ಇದೆಯೇ ಎಂದು ಕೇಳುವ ಸಂಸ್ಥೆ ಅದು. ಇದ್ದರೆ ಎರಡು ವಾರ ಕೂರಿಸಿ ಅದನ್ನು ತಿದ್ದುತ್ತಾರೆ. ಗಟ್ಟಿಯಾಗಿದೆ ಎನ್ನಿಸಿದರೆ ಒಂದು ವರ್ಷ ಬೆನ್ನಿಗೆ ನಿಲ್ಲುತ್ತಾರೆ, ಅದನ್ನು ಮಾಡಿ ನೋಡಲು ಬಿಡಬೇಕೆಂದು ನಮ್ಮ ಮೇಲಿನವರನ್ನೂ ಒಪ್ಪಿಸುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಹತ್ತಿರ 'ಸಾಯಂಕಾಲ ಐದರೊಳಗೆ ವರದಿ' ಕೇಳಿದವರಿದ್ದರು. ಯೋಚನೆ ಕೇಳಿದವರು ಇರಲಿಲ್ಲ. ಅರ್ಜಿ ತುಂಬುವಾಗ ಆ ಒಂದು ಕಾಲಂ ಮುಂದೆ ಎರಡು ದಿನ ಪೆನ್ನು ಹಿಡಿದು ಕೂತಿದ್ದೆ.

ಅಷ್ಟು ಕೂತರೂ ಬರೆದ ಯೋಚನೆ ನನ್ನದಲ್ಲ, ಉಪ್ಪುಂದದ ಗಿರಿಜಕ್ಕನದು. ಗಿರಿಜಕ್ಕ ಮೀನು ಮಾರುವವಳು. ಬೆಳಗ್ಗಿನ ಬಸ್ಸಿಗೆ ಬುಟ್ಟಿ ಹಾಕಿಕೊಂಡು ವಂಡ್ಸೆಯಲ್ಲಿ ಇಳಿದು ಮನೆಮನೆ ತಿರುಗುತ್ತಾಳೆ. ಒಂದು ದಿನ ಅಲ್ಲಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಕೂತು ಕೇಳಿದಳು: "ಮೇಡಂ, ನಿಮ್ ಪಟ್ಟಿಯಂಗೆ ಇಲ್ಲಿ ಎಲ್ಲಾ ಮಕ್ಳೂ ಶಾಲಿಗ್ ಹೋತೊ?"

"ಹೋಗ್ತಾವೆ" ಎಂದೆ.

"ಹಂಗಾರೆ ಆ ಮೇಲಿನ್ ಮನಿ ಹೆಣ್ಣ್ ದಿನಾ ಹತ್ತ್ ಗಂಟಿಗೆ ನನ್ ಬುಟ್ಟಿ ಎತ್ತ್ ಕೊಡತ್ತಲೆ, ಅದೆಂತ ಭೂತವಾ?"

ತಲೆಯ ಮೇಲಿನ ಮೀನಿನ ಬುಟ್ಟಿಯನ್ನು ಒಬ್ಬರೇ ಇಳಿಸಲಿಕ್ಕಾಗುವುದಿಲ್ಲ, ಎತ್ತಿಟ್ಟುಕೊಳ್ಳಲಿಕ್ಕೂ ಆಗುವುದಿಲ್ಲ. ಪ್ರತಿ ಮನೆಯಲ್ಲೂ ಯಾರಾದರೂ ಹೊರಗೆ ಬಂದು ಕೈಕೊಡಬೇಕು. ಮೀನು ಕೊಳ್ಳದ ದಿನವೂ ಬುಟ್ಟಿಗೆ ಕೈಕೊಡುವುದು ನಮ್ಮಲ್ಲಿ ಮರ್ಯಾದೆ. ಹಾಗಾಗಿ ಶಾಲೆಯ ಹೊತ್ತಿನಲ್ಲಿ ಯಾವ ಮನೆಯಲ್ಲಿ ಬುಟ್ಟಿಗೆ ಮಗುವಿನ ಕೈ ಬರುತ್ತದೆ ಎಂಬುದು ಗಿರಿಜಕ್ಕನಿಗೆ ಗೊತ್ತು. ನನ್ನ ಪಟ್ಟಿಗೆ ಗೊತ್ತಿಲ್ಲ.

ಆ ಹುಡುಗಿಗೆ ಹನ್ನೊಂದು ವರ್ಷ. ನಿಜ ಹೆಸರು ಬರೆಯುವುದಿಲ್ಲ, ಸುಮ ಎನ್ನೋಣ. ತಂದೆ ಮನೆಗೆ ಬರುವುದು ನಿಂತು ಕಾಲವಾಗಿತ್ತು. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡ ಮೇಲೆ ಇಬ್ಬರು ಚಿಕ್ಕವರನ್ನು ನೋಡಿಕೊಳ್ಳಲು ಸುಮ ಆರನೇ ಕ್ಲಾಸು ಬಿಟ್ಟು ಮನೆಯಲ್ಲಿ ಉಳಿದಿದ್ದಳು.

ಕರಾವಳಿಯ ಮೀನು ಮಾರುವವರನ್ನು ಸೇರಿಸಿಕೊಂಡು, ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ 'ಇವತ್ತು ಬುಟ್ಟಿ ಎತ್ತಿ ಕೊಟ್ಟವರು ಯಾರು' ಎಂದು ಕೇಳುವುದು. ಇಷ್ಟೇ ನನ್ನ ಯೋಚನೆ. ಕಾಲಂ ತುಂಬಿತು.

ಎಡಿನ್‌ಬರೋ, ಹಪ್ಪಳದ ದಿನ

ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕುಳಿತ ಅಧಿಕಾರಿ ಊರಿನಲ್ಲಿ ನಿಮ್ಮ ಕೆಲಸವೇನು ಎಂದು ಕೇಳಿದ. ದಾರಿಯಿಡೀ ಅಭ್ಯಾಸ ಮಾಡಿದ್ದ ಉತ್ತರ ಮರೆತು, "ಮಕ್ಕಳನ್ನು ಎಣಿಸುತ್ತೇನೆ" ಎಂದುಬಿಟ್ಟೆ. ಅವನು ತಲೆಯೆತ್ತಿ ನನ್ನನ್ನೊಮ್ಮೆ, ಪಾಸ್‌ಪೋರ್ಟನ್ನೊಮ್ಮೆ ನೋಡಿ, ಠಸ್ಸೆ ಒತ್ತಿದ. ಇವಳಿಂದ ಯಾರಿಗೂ ಅಪಾಯವಿಲ್ಲ ಎಂದುಕೊಂಡಿರಬೇಕು.

ಅಪಾಯ ಮೂರನೇ ದಿನ ಆಯಿತು. ಸೆಪ್ಟೆಂಬರಿನ ಚಳಿ. ಎರಡು ದಿನ ತಣ್ಣಗಿನ ಬ್ರೆಡ್ಡು ತಿಂದ ಬಾಯಿಗೆ ಏನಾದರೂ ಕರುಮುರು ಬೇಕಿತ್ತು. ಹಾಸ್ಟೆಲಿನ ಅಡುಗೆಮನೆಯಲ್ಲಿ ಊರಿನ ಹಲಸಿನ ಹಪ್ಪಳ ಸುಡಲು ಹೋದೆ. ಮೊದಲ ಹಪ್ಪಳದ ಹೊಗೆ ಏಳುತ್ತಲೇ ಇಡೀ ಕಟ್ಟಡ ಊಳಿಡತೊಡಗಿತು. ನಾಲ್ಕು ಮಹಡಿಯ ಜನ ಸಾಲಾಗಿ, ನೂಕಾಟವಿಲ್ಲದೆ, ಹುಲ್ಲಿನ ಮೇಲೆ ಹೋಗಿ ನಿಂತರು. ನೈಟಿಯ ಮೇಲೆ ಯಜಮಾನರ ಸ್ವೆಟರು, ಕೈಯಲ್ಲಿ ಸುಟ್ಟ ಹಪ್ಪಳ, ಹೀಗೆ ನಾನೂ ನಿಂತೆ. ಹಳದಿ ಕೋಟು ಹಾಕಿದ ಹೆಂಗಸು ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೂಗಿ, ಒಬ್ಬರು ಇಲ್ಲ ಎಂದು ಕಂಡುಹಿಡಿದಳು. ಪ್ರಕಾಶ ಮಾಷ್ಟ್ರು. ಅಗ್ನಿಶಾಮಕದವರು ಹೋಗಿ ಎಬ್ಬಿಸಬೇಕಾಯಿತು.

ಮಾಷ್ಟ್ರು ಕಣ್ಣುಜ್ಜಿಕೊಂಡು ಬಂದು, "ಒಂದ್ ಹಪ್ಳಕ್ಕೆ ಇಷ್ಟ್ ಜನ ಕರ್ದ್ರ್ಯಾ?" ಎಂದರು.

ಯಾರೂ ಬೈಯಲಿಲ್ಲ. ನಾನು ಇಪ್ಪತ್ತು ಸಲ ಕ್ಷಮೆ ಕೇಳಿದರೆ ಅವರು ಇಪ್ಪತ್ತೊಂದು ಸಲ ಕೇಳಿದರು. ಆ ಊರಿನಲ್ಲಿ ನೀವು ಕಾಲು ತುಳಿದರೂ ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ನಮ್ಮ ಕುಂದಾಪುರದ ಬಸ್ಸಿನಲ್ಲಿ ಹಾಗೆ ಮಾಡಿದರೆ, ಇವರಿಗೆ ಏನೋ ಆಗಿದೆ ಎಂದು ಸೀಟು ಬಿಟ್ಟುಕೊಟ್ಟಾರು.

ಮೋರಾಗ್ ಜೊತೆ ಕಡಲ ಊರಿಗೆ

ನನಗೂ ಮಾಷ್ಟ್ರಿಗೂ ಮೋರಾಗ್ ಎಂಬ ನರ್ಸನ್ನು ಮಾರ್ಗದರ್ಶಿಯಾಗಿ ಕೊಟ್ಟಿದ್ದರು. ಚಿಕ್ಕ ಮಕ್ಕಳ ಮನೆಗಳಿಗೆ ಹೋಗಿ ವಿಚಾರಿಸುವುದು ಅವಳ ಕೆಲಸ. ನನ್ನದೇ ವಯಸ್ಸು, ನನ್ನದೇ ಮಂಡಿನೋವು. ಒಂದು ದಿನ ಅವಳ ಜೊತೆ ಮೀನುಗಾರರ ಸಣ್ಣ ಊರೊಂದಕ್ಕೆ ಹೋದೆ. ಬಂದರಿನ ವಾಸನೆ ಮೂಗಿಗೆ ಬಡಿದಾಗ, ಹೊರಟ ಮೇಲೆ ಮೊದಲ ಸಲ ಉಸಿರು ಸರಿಯಾಗಿ ಎಳೆದೆ.

ಮೋರಾಗ್ ಮನೆಗೆ ಹೋಗುವ ರೀತಿ ನನಗೆ ವಿಚಿತ್ರವಾಗಿ ಕಂಡಿತು. ಬಾಗಿಲು ತಟ್ಟಿ, ಮೂರು ಹೆಜ್ಜೆ ಹಿಂದೆ ಬಂದು, ಬೀದಿಯ ಕಡೆ ನೋಡುತ್ತ ನಿಲ್ಲುತ್ತಾಳೆ. ಬಾಗಿಲು ತೆರೆದವರಿಗೆ, ಈಗ ಬರಬಹುದೇ ಎಂದು ಕೇಳುತ್ತಾಳೆ. ಒಂದು ಮನೆಯ ತಾಯಿ ಬೇಡ ಎಂದಳು. ಇವಳು ನಕ್ಕು, ಸರಿ, ನಿನಗೆ ಯಾವಾಗ ಅನುಕೂಲ ಎಂದು ಕೇಳಿ, ಬರೆದುಕೊಂಡು, ವಾಪಸು ಕಾರು ಹತ್ತಿದಳು. ಅಷ್ಟು ದೂರದಿಂದ ಬಂದು!

"ಒಳಗೆ ಏನಾಗಿದೆಯೋ ನಿನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದೆ. ನನ್ನ ಇಂಗ್ಲಿಷಿನಲ್ಲಿ ಅದು ಜಗಳದ ಹಾಗೆ ಕೇಳಿರಬೇಕು.

"ಮುಂದಿನ ಸಲ ಅವಳೇ ಹೇಳುತ್ತಾಳೆ. ನೀನು ಹೇಗೆ ಹೋಗುತ್ತೀ?"

ನಾನು ಹೋಗುವ ರೀತಿ ವಿವರಿಸಿದೆ. ಅಂಗಳದಿಂದಲೇ "ಹ್ವಾಯ್, ಇದ್ರ್ಯಾ?" ಎಂದು ಕೂಗಿ, ಉತ್ತರ ಬರುವ ಮೊದಲೇ ಹಿಂಬದಿಯ ಬಾವಿಕಟ್ಟೆಗೆ ಸುತ್ತು ಹಾಕಿ, ಒಲೆ ಉರಿಯುತ್ತಿದೆಯೇ, ಮಡಕೆಯಲ್ಲಿ ಏನಿದೆ, ಹಗ್ಗದ ಮೇಲೆ ಯಾರ ಬಟ್ಟೆ ಎಂದು ನೋಡಿ, ಆಮೇಲೆ ಚಾವಡಿಯಲ್ಲಿ ಕೂತು ನೀರು ಕೇಳುವುದು. ಮೋರಾಗ್ ಕಾರು ನಿಧಾನ ಮಾಡಿ ನನ್ನನ್ನೇ ನೋಡಿದಳು.

"ಅಷ್ಟೆಲ್ಲ ನೋಡಲಿಕ್ಕೆ ಅವರು ಬಿಡುತ್ತಾರೆಯೇ?"

"ಕೇಳಿದರಲ್ಲವೇ, ಬಿಡುವುದು?" ಎಂದೆ, ಹೆಮ್ಮೆಯಿಂದ. ಆ ಹೆಮ್ಮೆ ಬುಧವಾರದವರೆಗೆ ಇತ್ತು.

ಬುಧವಾರ, ಬೆಳಗಿನ ತಿಂಡಿಯ ಹೊತ್ತು

ಎರಡನೆಯ ವಾರದ ಶುಕ್ರವಾರ ಪ್ರತಿಯೊಬ್ಬರೂ ತಮ್ಮ ಯೋಚನೆಯನ್ನು ಎಲ್ಲರ ಮುಂದೆ ಹೇಳಬೇಕಿತ್ತು. ಗೋಡೆಯ ಮೇಲೆ ತೋರಿಸಲು ಚಿತ್ರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅದರಲ್ಲಿ ಎಲ್ಲರೂ ಹೊಗಳಿದ್ದು ಒಂದೇ ಒಂದು. ಹೊರಡುವ ವಾರ ವಂಡ್ಸೆಯ ರಸ್ತೆಯಿಂದ ನಾನೇ ಮೊಬೈಲಿನಲ್ಲಿ ತೆಗೆದದ್ದು. ಸುಮ ಹಿಮ್ಮಡಿ ಎತ್ತಿ ನಿಂತು ಗಿರಿಜಕ್ಕನ ತಲೆಯ ಬುಟ್ಟಿಗೆ ಒಂದು ಕೈ ಕೊಡುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಸೊಂಟದ ಮೇಲೆ ಚಿಕ್ಕ ತಮ್ಮ. ಮುಖ ಅತ್ತ ಇರುವುದರಿಂದ ತೊಂದರೆಯಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ.

ಬುಧವಾರ ಬೆಳಿಗ್ಗೆ ಗಿರಿಜಕ್ಕನ ಫೋನು ಬಂತು. ಊರಿನಲ್ಲಿ ಆಗ ಮಧ್ಯಾಹ್ನ. ಅವಳು ಹಲೋ ಎನ್ನಲಿಲ್ಲ.

"ಮೇಡಂ, ಒಂದ್ ಕೆಲ್ಸ ಹಾಳಾಯ್ತ್."

"ಎಂತ ಆಯ್ತು?"

"ಆ ಹೆಣ್ಣಿನ್ ಅಮ್ಮ ಮಕ್ಳನ್ ಕಟ್ಕಂಡ್ ಬೊಂಬಾಯಿಗ್ ಹೋತ್ಲಂಬ್ರ್. ಅಕ್ಕನ್ ಮನಿಗೆ. ಭಾನುವಾರದ್ ರೈಲಿಗೆ ಟಿಕೆಟ್ ಆಯ್ತ್."

"ಯಾಕೆ?"

ಬಸ್ಸಿನ ಹಾರ್ನುಗಳ ನಡುವೆ ಗಿರಿಜಕ್ಕ ಹೇಳಿದಳು. ಸೋಮವಾರ ಆ ಮನೆಯ ಅಂಗಳದಲ್ಲಿ, ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದ ತಾಯಿಗೆ ಧೈರ್ಯ ತುಂಬುವ ಉತ್ಸಾಹದಲ್ಲಿ ಇವಳು ದೊಡ್ಡ ದನಿಯಲ್ಲಿ, "ನೀ ಹೆದ್ರಬೇಡ ಮಾರಾಯ್ತಿ, ನಿನ್ ಮಗಳ್ ವಿಷ್ಯ ಫಾರಿನ್ನಿಗ್ ಹೋಯಿತ್ತ್! ಮೇಡಂ ಪೋಟೋ ಸಮೇತ ತಕಂಡ್ ಹೋಯಿರ್" ಎಂದಿದ್ದಳು. ಅಷ್ಟಕ್ಕೆ ನಿಲ್ಲದೆ ಅದನ್ನೇ ಮುಂದಿನ ನಾಲ್ಕು ಮನೆಗಳಲ್ಲಿ ಬುಟ್ಟಿ ಇಳಿಸುವಾಗಲೂ ಹೇಳಿದ್ದಳು. ಸಂಜೆಯೊಳಗೆ ಸುದ್ದಿ ಬೆಳೆಯಿತು. ಮಗಳನ್ನು ಶಾಲೆ ಬಿಡಿಸಿದ್ದಕ್ಕೆ ಫಾರಿನ್ನಿನಲ್ಲಿ ಕೇಸಾಗಿದೆ, ಅಲ್ಲಿನ ಜನ ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಎಂದು.

"ನಾ ಒಳ್ಳೇದಕ್ಕೇ ಹೇಳದ್ ಮೇಡಂ. ಪೋಟೋ ಅಲ್ಲಿ ಯಾರಿಗೂ ತೋರ್ಸಲಿಲ್ಲೆ ಅಲ್ದಾ?"

ಹಿಂದಿನ ಸಂಜೆಯಷ್ಟೇ ಅದನ್ನು ಆಳೆತ್ತರದ ಗೋಡೆಯ ಮೇಲೆ ಹಾಕಿ ಪರೀಕ್ಷೆ ಮಾಡಿ ನೋಡಿದ್ದೆವು.

ಗಿರಿಜಕ್ಕನನ್ನು ಬೈಯುವ ಹಾಗೂ ಇರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು? ಹುಡುಗಿಯ ವಿಷಯ ಫಾರಿನ್ನಿಗೆ ಬಂದಿತ್ತು, ಫೋಟೋ ಸಮೇತವೇ. ತಂದವಳು ನಾನು. ಮುಂಬಯಿಗೆ ಹೋದರೆ ಆ ಮಗು ಅಲ್ಲಿಯೂ ಯಾವ ಶಾಲೆಗೂ ಸೇರುವುದಿಲ್ಲ, ಊರಿನ ಪಟ್ಟಿಯಲ್ಲಿಯೂ ಇರುವುದಿಲ್ಲ. ಆಗದ ಅನಾಹುತಗಳ ಬಗ್ಗೆ ಮೂವತ್ತು ವರ್ಷ ಚಿಂತೆ ಮಾಡಿದವಳಿಗೆ, ಒಂದು ನಿಜವಾದ ಅನಾಹುತ ಬರುವಾಗ ಅದು ನನ್ನ ಮೊಬೈಲಿನಿಂದಲೇ ಬಂದೀತು ಎಂದು ಹೊಳೆದಿರಲಿಲ್ಲ.

ಶುಕ್ರವಾರ, ಬಿಳಿ ಗೋಡೆಯ ಮುಂದೆ

ಫೋಟೋ ಅಳಿಸಿದೆ. ಒಂದನ್ನು ತೆಗೆದರೆ ಉಳಿದವು ಅರ್ಥವಿಲ್ಲದಂತೆ ಕಂಡವು, ಎಲ್ಲವನ್ನೂ ಬಿಟ್ಟೆ. ನನ್ನ ಸರದಿ ಬಂದಾಗ ಹಿಂದೆ ಗೋಡೆ ಖಾಲಿ ಬಿಳಿಯಾಗಿತ್ತು.

"ನನ್ನ ಯೋಚನೆ ಚೆನ್ನಾಗಿದೆ ಎಂದು ನೀವೆಲ್ಲ ಹೇಳಿದ್ದಿರಿ. ಅದು ಈ ವಾರ ಒಬ್ಬ ತಾಯಿಯನ್ನು ಹೆದರಿಸಿದೆ. ಅವಳು ಮಕ್ಕಳನ್ನು ಕರೆದುಕೊಂಡು ಊರು ಬಿಡುತ್ತಿದ್ದಾಳೆ" ಎಂದೆ. ಆದದ್ದನ್ನೆಲ್ಲ ಹೇಳಿದೆ. ಕುಳಿತವರಲ್ಲಿ ಯಾರೂ ಸಮಾಧಾನದ ಮಾತಾಡಲಿಲ್ಲ, ಅದಕ್ಕೆ ಈಗಲೂ ಋಣಿ. ಬದಲಿಗೆ ಪ್ರಶ್ನೆ ಕೇಳಿದರು. ತಾಯಿ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೊರಡುತ್ತಾಳೆ? ಗೊತ್ತಿಲ್ಲ. ಮಗಳು ಶಾಲೆಗೆ ಹೋದರೆ ಆ ಮನೆಯಲ್ಲಿ ಮೊದಲು ಯಾವುದು ನಿಲ್ಲುತ್ತದೆ? ಗೊತ್ತಿಲ್ಲ. ತಾಯಿಗೆ ಮಗಳನ್ನು ಕಳಿಸುವ ಮನಸ್ಸಿದೆಯೇ? ಗೊತ್ತಿಲ್ಲ.

ಕೊನೆಗೆ ಮೋರಾಗ್ ಮೆಲ್ಲಗೆ ಕೇಳಿದಳು: "ನೀನು ಅವಳ ಹತ್ತಿರ ಒಮ್ಮೆಯಾದರೂ ಮಾತಾಡಿದ್ದೀಯಾ?"

ನಾನು ಹೋದಾಗಲೆಲ್ಲ ಅವಳು ಕಾರ್ಖಾನೆಯಲ್ಲಿದ್ದಳು. ಅವಳ ಒಲೆ ನೋಡಿದ್ದೆ, ಮಡಕೆ ನೋಡಿದ್ದೆ, ಹಗ್ಗದ ಮೇಲಿನ ಬಟ್ಟೆ ಎಣಿಸಿದ್ದೆ. ಅವಳ ಮುಖ ನೋಡಿರಲಿಲ್ಲ. "ಇಲ್ಲ" ಎಂದು ಬಂದು ಕೂತೆ.

ಪ್ರಕಾಶ ಮಾಷ್ಟ್ರು ಪಕ್ಕದಲ್ಲಿ ಪೂರ್ತಿ ಎಚ್ಚರವಾಗಿದ್ದರು. "ಇನ್ನೂ ಎರಡ್ ದಿನ ಇತ್ತಲೆ. ಗಿರಿಜಕ್ಕಂಗ್ ಫೋನ್ ಮಾಡಿ" ಎಂದರು.

ಮಾಡಿದೆ. "ಆ ತಾಯಿ ಹತ್ತಿರ ಹೋಗು. ಸಮಾಧಾನ ಹೇಳಬೇಡ, ಬುದ್ಧಿ ಹೇಳಬೇಡ. ಬೆಳಿಗ್ಗೆ ನಿನಗೆ ಎಂತ ಕಷ್ಟ ಅಂತ ಕೇಳಿ, ಸುಮ್ಮನೆ ಕೂತುಕೋ" ಎಂದೆ.

"ಸುಮ್ನೆ ಕೂಕಂಬುದಾ? ನಾನಾ?" ಎಂದಳು ಗಿರಿಜಕ್ಕ. ಅವಳ ಸಂಶಯವೇ ನನ್ನದೂ ಆಗಿತ್ತು.

ಭಾನುವಾರ, ದುಬೈ

ವಾಪಸು ಬರುವಾಗ ದುಬೈಯಲ್ಲಿ ಐದು ಗಂಟೆ ಕಾಯಬೇಕಿತ್ತು. ಬಂಗಾರದ ಅಂಗಡಿ, ಸೆಂಟಿನ ಅಂಗಡಿ, ಒಳಗೇ ಬೆಳೆಸಿದ ತಾಳೆಮರ, ಎಲ್ಲದರ ಮುಂದೆ ಅಡ್ಡಾಡಿದೆ. ನೋಡಿದ್ದು ಮೊಬೈಲು ಮಾತ್ರ. ಬೈಂದೂರಿಗೆ ಮುಂಬಯಿ ರೈಲು ಬರುವ ಹೊತ್ತು ಹತ್ತಿರವಾಗುತ್ತಿತ್ತು. ಸಂಸ್ಥೆಯವರು ನನ್ನ ಯೋಚನೆಗೆ ಒಂದು ವರ್ಷ ಬೆಂಬಲ ಕೊಡುತ್ತೇವೆ ಎಂದಿದ್ದರು, ತಾಯಂದಿರನ್ನು ಮೊದಲು ಕೇಳುವ ಷರತ್ತಿನ ಮೇಲೆ. ಆ ಪತ್ರ ಚೀಲದಲ್ಲಿತ್ತು. ರೈಲು ಹೊರಟರೆ ಅದರಿಂದ ಏನಾಗಬೇಕು?

ಗಿರಿಜಕ್ಕ ಕೊನೆಗೂ ಫೋನು ಎತ್ತಿದಳು.

"ನಿನ್ನೆ ಹೋಯ್ದೆ ಮೇಡಂ. ಬುಟ್ಟಿ ಇಲ್ದೆ ಹೋಯ್ದೆ."

"ಬುಟ್ಟಿ ಇಲ್ಲದೆಯಾ?"

"ಬುಟ್ಟಿ ಇದ್ರೆ ಯಾಪಾರಕ್ ಬಂದದ್ ಆತ್ತ್. ಇಷ್ಟ್ ವರ್ಷದಗೆ ಯಾರ್ ಮನಿಗೂ ನಾ ಬರೀ ತಲಿಯಗ್ ಹೋದವ್ಳಲ್ಲ. ಅವ್ಳಿಗ್ ನನ್ನ್ ಗುರ್ತೇ ಸಿಕ್ಲಿಲ್ಲೆ, ಯಾರ್ ನೀವ್ ಕೇಂತ್ಲ್! ತಪ್ಪಾಯ್ತ್ ಮಾರಾಯ್ತಿ ಅಂದೆ. ಜಗಲಿ ಮೇಲ್ ಕೂಕಂಡೆ. ಬಾಯಿ ಮುಚ್ಕಂಡೇ ಇದ್ದೆ, ನಿಮ್ಮಾಣೆ."

"ಅವಳು ಎಂತ ಹೇಳಿದಳು?"

"ಮೊದ್ಲ್ ಬೈದ್ಲ್. ಆಮೇಲ್ ಕಣ್ಣೀರ್ ಹಾಕಿ ಮರ್ಕಿದ್ಲ್. ಆಮೇಲ್ ಚಾ ಕೊಟ್ಲ್."

"ರೈಲು?"

"ಮುಂದಿನ್ ವಾರಕ್ ಹಾಕಿದ್ಲ್. ಮೇಡಂ ಬರ್ಲಿ, ಅವ್ರ್ ಮೋರೆ ಒಂದ್ಸಲ ಕಾಣ್ಕ್ ಅಂದ್ಲ್."

ತಾಳೆಮರದ ಕೆಳಗೆ ಕೂತು ಅತ್ತೆ. ಪಕ್ಕದಲ್ಲಿದ್ದ ಅರಬ್ಬಿ ಹೆಂಗಸು ಏನೂ ಕೇಳದೆ ಒಂದು ಖರ್ಜೂರ ಕೊಟ್ಟಳು.

ವಂಡ್ಸೆ

ಗುರುವಾರ ತಾಯಿ ರಜೆ ಹಾಕಿದ್ದಳು. ಅಂಗಳದ ತುದಿಯಲ್ಲೇ ನಿಂತೆ. "ಈಗ ಬರಬಹುದಾ?" ಎಂದು ಕೇಳಿದೆ. ನನ್ನ ಬಾಯಲ್ಲಿ ಅದು ನಾಟಕದ ಮಾತಿನ ಹಾಗೆ ಕೇಳಿತು.

ಲಲಿತ (ಇದೂ ನಿಜ ಹೆಸರಲ್ಲ) ಬಾಗಿಲಲ್ಲಿ ನಿಂತು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಪೋಟೋ?" ಎಂದಳು.

"ಅಳಿಸಿದ್ದೇನೆ."

"ಕಾಂಬ."

ಮೊಬೈಲು ಕೊಟ್ಟೆ. ಅವಳು ಒಂದೊಂದಾಗಿ ಸರಿಸುತ್ತ ಹೋದಳು. ಕೋಟೆ, ಬಂದರು, ಹುಲ್ಲಿನ ಮೇಲೆ ಹಪ್ಪಳ ಹಿಡಿದ ನಾನು. ಒಂದರ ಮುಂದೆ ಬೆರಳು ನಿಂತಿತು. "ಇದೆಂತ, ಕುರಿಯಾ? ಇಷ್ಟ್ ದಪ್ಪ?" ಎಂದಳು. ಸುಮ ಓಡಿ ಬಂದು ಇಣುಕಿದಳು, ಸೊಂಟದ ಮೇಲಿನ ತಮ್ಮನೂ ಇಣುಕಿದ. ಮೊಬೈಲು ನನ್ನ ಕೈಗೆ ಬಂದಾಗ ಕುಳಿತುಕೊಳ್ಳಲು ಚಾಪೆಯೂ ಬಂತು.

"ಮಗಳ್ ಶಾಲಿ ಬಿಡ್ಲಿ ಅಂದ್ ನಂಗಿತ್ತಾ ಮೇಡಂ? ಏಳೂವರಿಗೆ ಫ್ಯಾಕ್ಟ್ರಿ ಗಾಡಿ ಬತ್ತ್. ನಿಮ್ ಅಂಗನ್‌ವಾಡಿ ತೆರುದ್ ಒಂಬತ್ತೂವರಿಗೆ. ಅದ್ರಗೂ ದೊಡ್ಡದನ್ನ ಸೇರ್ಸ್ಕಂತ್ರಿ, ಚಿಕ್ಕದಕ್ ಮೂರ್ ವರ್ಷ ತುಂಬ್ಲಿಲ್ಲೆ ಅಂತ್ರಿ. ಅದನ್ನ್ ಎಲ್ಲಿ ಇಡುದ್, ತೆಂಗಿನ್ ಮರದ್ ಮೇಲಾ?"

ಇಷ್ಟೇ. ಒಂದು ಹುಡುಗಿಯ ಶಾಲೆ ನಿಂತದ್ದು ಬೆಳಗಿನ ಎರಡು ಗಂಟೆಯ ಅಂತರಕ್ಕೆ, ಮತ್ತು ನಾನೇ ಊರೂರಿಗೆ ಹೇಳಿಕೊಂಡು ಬಂದ ಒಂದು ನಿಯಮಕ್ಕೆ.

ಅಲ್ಲಿನ ಅಂಗನವಾಡಿಯ ಕಾರ್ಯಕರ್ತೆ ಶಾರದೆಯ ಮನೆ ಅಲ್ಲೇ ಪಕ್ಕದಲ್ಲಿ. ಬೇಗ ತೆರೆದು ಚಿಕ್ಕವನನ್ನೂ ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. "ಬರ್ದ್ ಕೊಡಿ ಮೇಡಂ, ಏಳ್ ಗಂಟಿಗೇ ತೆರಿತೆ. ಬಾಯಲ್ ಹೇಳ್ರೆ ತೆರುದಿಲ್ಲೆ" ಎಂದಳು, ನನ್ನನ್ನು ಬಲ್ಲವಳು. ಅರ್ಜಿ ಬರೆದು, ಸಂಸ್ಥೆಯ ಪತ್ರ ಲಗತ್ತಿಸಿ ಕುಂದಾಪುರದ ಕಚೇರಿಗೆ ಒಯ್ದೆ. ಅಧಿಕಾರಿ ಎರಡು ಸಲ ಓದಿ, "ಒಂದು ಕೇಂದ್ರ, ಮೂರು ತಿಂಗಳು. ಏನಾದರೂ ಆದರೆ ಕೆಳಗಿನ ಸಹಿ ನಿಮ್ಮದು" ಎಂದರು. ಸಹಿ ಹಾಕಿದೆ. ಅದನ್ನು ನನ್ನದೆಂದು ಯಾವ ಬ್ಯಾಂಕೂ ಒಪ್ಪಲಾರದು, ಹಾಗಿತ್ತು.

ಲಲಿತ ರೈಲಿನ ಟಿಕೆಟ್ ರದ್ದು ಮಾಡಿಸಿದಳು. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಕೇಂದ್ರಕ್ಕೆ ನಾನೂ ಹೋಗಿದ್ದೆ. ಲಲಿತ ಇಬ್ಬರನ್ನೂ ತಂದು ಬಿಟ್ಟು, ಹಿಂದೆ ನೋಡದೆ ಗಾಡಿ ಹತ್ತಿದಳು. ದೊಡ್ಡದು ಶಾರದೆಯ ಹತ್ತಿರ ಆಟಿಕೆ ಹುಡುಕಲು ಹೋಯಿತು. ಒಂಬತ್ತು ಗಂಟೆಗೆ ಸುಮ ನೀಲಿ ಯೂನಿಫಾರ್ಮು ಹಾಕಿಕೊಂಡು, ಎರಡೂ ಜಡೆಗೆ ರಿಬ್ಬನ್ನು ಕಟ್ಟಿಕೊಂಡು ಬಂದಳು, ಬಂದವಳೇ ಚಿಕ್ಕ ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡಳು. ಚಿಕ್ಕವನ ಗಂಜಿಗೆ ಉಪ್ಪು ಕಡಿಮೆ ಇರಬೇಕು, ನಿದ್ದೆಗೆ ಮಗ್ಗುಲಾಗಿ ಮಲಗಿಸಬೇಕು, ಕಾಗೆ ತೋರಿಸಿದರೆ ಅಳು ನಿಲ್ಲಿಸುತ್ತಾನೆ ಎಂದು ನನಗೆ ಒಂದೊಂದಾಗಿ ಹೇಳಿ, ನಾನು ಕೇಳಿಸಿಕೊಂಡೆನೇ ಎಂದು ಮುಖ ನೋಡಿ ಖಾತ್ರಿ ಮಾಡಿಕೊಂಡಳು. ನನಗಿಂತ ದೊಡ್ಡ ಚಿಂತೆಯವಳು. ಆಮೇಲೆ ತಮ್ಮನನ್ನು ನನ್ನ ಕೈಗೆ ದಾಟಿಸಿದಳು.

ಅವನು ನನ್ನ ಕಿವಿಯ ಹತ್ತಿರವೇ ಬಾಯಿ ತೆರೆದು ಅತ್ತ. ನಾನು ಕಾಗೆ ಹುಡುಕುತ್ತ ರಸ್ತೆಯ ಕಡೆ ತಿರುಗಿದೆ. ಸುಮ ಶಾಲೆಯ ಏರು ಹತ್ತುತ್ತಿದ್ದಳು. ಬೆನ್ನ ಮೇಲೆ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಎಡಗಡೆಯ ಸೊಂಟ ಹೊರಗೆ ಚಾಚಿಕೊಂಡು, ಎಡಗೈ ಅದರ ಸುತ್ತ ಬಳಸಿಕೊಂಡು, ಓರೆಯಾಗಿ ನಡೆಯುತ್ತಿದ್ದಳು. ಏರಿನ ಅರ್ಧಕ್ಕೆ ಹೋದಾಗ ಅವಳಿಗೇ ಗೊತ್ತಾಗಿರಬೇಕು. ನಿಂತಳು. ಕೈ ಕೆಳಗೆ ಬಿಟ್ಟಳು, ನೆಟ್ಟಗಾದಳು, ನಡೆದಳು. ನಾಲ್ಕು ಹೆಜ್ಜೆಗೆ ಸೊಂಟ ಮತ್ತೆ ಹೊರಗೆ ಬಂತು.